ಟ್ಯಾಂಗೊ ಹಾಲಿಗೊಂದು ರೋಟಾ

12 ಜನವರಿ 2025, ಭಾನುವಾರ

ಮೂರು ಗಂಟೆ ಹೆಚ್ಚುಕಡಿಮೆ ಕುರ್ಚಿಯ ಮೇಲೆಯೇ ಕೂತು ಎದ್ದು ಬಂದೆ. ಇದಕ್ಕಾಗಿ ಎಂಟು ತಿಂಗಳು ಪ್ರತಿ ಮಂಗಳವಾರ ಟ್ಯಾಂಗೊ ಕ್ಲಾಸಿಗೆ ಹೋದೆ. ಇದಕ್ಕಾಗಿ ಐವತ್ತೇಳನೆಯ ವಯಸ್ಸಿನಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿ ಕೊಂಡೆ!

ಕಿಂಗ್ಸ್ ನಾರ್ಟನ್‌ನ ಚರ್ಚ್ ಹಾಲಿನಲ್ಲಿ ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಕುಣಿತದ ಕೂಟ. ಮಿಲೊಂಗ ಅನ್ನುತ್ತಾರೆ. ನಾಲ್ಕು ಹಾಡು ಸೇರಿ ಒಂದು ಕಂತು. ಕಂತು ಮುಗಿದ ಮೇಲೆ ಅರ್ಧ ನಿಮಿಷ ಬೇರೇನೋ ಸಂಗೀತ, ಆಗ ಎಲ್ಲರೂ ಹೋಗಿ ಕೂತು ಜೋಡಿ ಬದಲಿಸಬೇಕು. ಕ್ಲಾಸಿನಲ್ಲಾದರೆ ಟೀಚರು ಚಪ್ಪಾಳೆ ತಟ್ಟುತ್ತಾರೆ, ಜೋಡಿ ಬದಲಾಗುತ್ತದೆ. ಇಲ್ಲಿ ಯಾರೂ ತಟ್ಟುವುದಿಲ್ಲ. ಯಾರೂ ಬಾಯಿಬಿಟ್ಟು ಕರೆಯುವುದೂ ಇಲ್ಲ. ಈ ಗೋಡೆಯಿಂದ ಆ ಗೋಡೆಗೆ ಕಣ್ಣು ಹಾಯಿಸುತ್ತಾರೆ. ಕಣ್ಣು ಕೂಡಿದರೆ ಸಣ್ಣಗೆ ತಲೆಯಾಡಿಸಿ ಎದ್ದು ಬರುತ್ತಾರೆ. ಬೇಡವಾದರೆ ಕಣ್ಣು ತಿರುಗಿಸುತ್ತಾರೆ. ಬೇಡ ಅಂದವರೂ ಇಲ್ಲ, ಅನ್ನಿಸಿಕೊಂಡವರೂ ಇಲ್ಲ. ಏನು ನಾಜೂಕು!

ಆ ಕಣ್ಣು ನನಗೆ ಗೊತ್ತು. ಇಂಡಿ ತಾಲೂಕಿನ ನಮ್ಮೂರಲ್ಲಿ ಗೌಡರ ಮನೆಯ ಮದುವೆ. ನನಗೆ ಒಂಬತ್ತು ವರ್ಷ. ನಮ್ಮ ಓಣಿಯವರ ಪಂಕ್ತಿ ಕಟ್ಟಕಡೆಗೆ, ದನದ ಕೊಟ್ಟಿಗೆಯ ಪಕ್ಕ. ಹೋಳಿಗೆ ಬಡಿಸುವವನು ಬಂದ. ಅವನ ಕಣ್ಣು ನಮ್ಮ ಎಲೆಗಳನ್ನು ಹಾರಿ ಹೋಯಿತು. ಇಲ್ಲ ಅನ್ನಲಿಲ್ಲ, ಬೈಯಲಿಲ್ಲ, ಬರೀ ನೋಡಲಿಲ್ಲ. ನಾನು ಹಿತ್ತಾಳೆ ಚರಿಗೆಯನ್ನು ನೆಲಕ್ಕೆ ಕುಟ್ಟಿ ಕೂಗಿದೆ: "ಇಲ್ಲೂ ಮನಷ್ಯಾರು ಕುಂತೀವಿ!" ಹೋಳಿಗೆ ಬಂತು. ಮನೆಗೆ ಹೋಗುವ ದಾರಿಯಲ್ಲಿ ಅವ್ವನ ಕೈಯಿಂದ ಏಟೂ ಬಂತು. ನನ್ನ ಮೊದಲ ಹೋರಾಟ ಅದು. ಆಮೇಲೆ ಬಿಜಾಪುರದ ಬೀದಿಗಳಲ್ಲಿ, ಕಾಲೇಜಿನಲ್ಲಿ, ಇಪ್ಪತ್ತು ವರ್ಷದಿಂದ ಈ ಬರ್ಮಿಂಗ್‌ಹ್ಯಾಮ್ ಆಸ್ಪತ್ರೆಯ ಲ್ಯಾಬಿನಲ್ಲಿ, ಎಲ್ಲೆಲ್ಲೂ ಚರಿಗೆ ಕುಟ್ಟಿದ್ದೇ ಕುಟ್ಟಿದ್ದು.

ವಾಪಸು ಟ್ರೇನಿನಲ್ಲಿ ಚಂದ್ರಪ್ರಭಾ ಜೊತೆಗಿದ್ದಳು. ಮೈಸೂರಿನವಳು, ನಮ್ಮ ಆಸ್ಪತ್ರೆಯಲ್ಲೇ ಎಕ್ಸ್‌ರೇ ವಿಭಾಗ. ಯೂನಿಯನ್ ಕೆಲಸ ಬಿಟ್ಟು ಭಾನುವಾರವೆಲ್ಲ ಗೋಡೆ ನೋಡುತ್ತಿದ್ದ ನನ್ನನ್ನು ಟ್ಯಾಂಗೊಗೆ ಎಳೆದು ತಂದವಳು ಅವಳೇ.

"ಮೊದಲನೇ ಸಲ ಎಲ್ರಿಗೂ ಹೀಗೇ ಅಕ್ಕಾ. ಕಣ್ಣೆತ್ತಿ ನೋಡ್ಬೇಕು ನೀವು."

"ನೋಡಿದೆನಲ್ಲ! ನಾನು ನೋಡಿದ್ದಕ್ಕೆ ಆ ಪೋಸ್ಟ್‌ಮ್ಯಾನ್ ಕ್ಲಿಫ್ ಎದ್ದು ಟೀ ಕುಡಿಯೋಕೆ ಹೋದ."

"ನೀವು ನೋಡಿದ್ದು ಮ್ಯಾನೇಜರನ್ನ ಮೀಟಿಂಗಿಗೆ ಕರೆಯೋ ಹಾಗಿತ್ತು."

ಇಡೀ ಹಾಲಿನಲ್ಲಿ ಮನುಷ್ಯ ಅಂತ ಇದ್ದವರು ಒಬ್ಬರೇ, ಜಯಪ್ರಕಾಶ. ಬೆಂಗಳೂರಿನವರು, ಸಾಲಿಹಲ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರು. ಕಣ್ಣಾಟವಿಲ್ಲ, ನೆಟ್ಟಗೆ ನನ್ನ ಮುಂದೆ ಬಂದು ಕೈ ಚಾಚಿದರು. "ಬನ್ನಿ ಮೇಡಂ, ಸುಮ್ನೆ ಯಾಕೆ ಕೂತಿದೀರ?" ಎರಡು ಕಂತು ಕುಣಿಸಿದರು. ಚಾಚಿದ ಕೈಯನ್ನು ನಾನು ಜನ್ಮದಲ್ಲಿ ಬಿಟ್ಟವಳಲ್ಲ.

13 ಜನವರಿ, ಸೋಮವಾರ

ಬಲಪಕ್ಕೆಯ ಹಿಂದೆ ಬೆನ್ನು ಹಿಡಿದುಕೊಂಡಿದೆ. ಲ್ಯಾಬಿನ ಕುರ್ಚಿಯದೇ ಕಿತಾಪತಿ. ಬದಲಿಸಿ ಅಂತ ಖಾರವಾಗಿ ಒಂದು ಮೇಲ್ ಬರೆದೆ.

26 ಜನವರಿ, ಭಾನುವಾರ

ಗಣರಾಜ್ಯೋತ್ಸವ. ನನ್ನ ಹಕ್ಕನ್ನು ನಾನೂ ಚಲಾಯಿಸಿದೆ.

ಎರಡು ಕಂತು ಸುಮ್ಮನೆ ಕೂತೆ. ಮೂರನೆಯದಕ್ಕೆ ಎದ್ದು ಹಾಲು ದಾಟಿ ಕ್ಲಿಫ್‌ನ ಮುಂದೆ ನಿಂತು, "ಕುಣಿಯೋಣವೇ?" ಎಂದು ಕೇಳಿದೆ. ಹಲ್ಲು ಕೀಳಿಸಿಕೊಳ್ಳಲು ಹೊರಟವನ ಮುಖ ಮಾಡಿಕೊಂಡು ಎದ್ದ. ಆದರೆ ಎದ್ದ! ಹಾಗೆಯೇ ಇನ್ನೂ ಇಬ್ಬರನ್ನು ಎಬ್ಬಿಸಿದೆ. ಒಬ್ಬರೂ ಇಲ್ಲವೆನ್ನಲಿಲ್ಲ. ಕೇಳಿದರೆ ಸಿಗುತ್ತದೆ, ಕೇಳದವರಿಗೆ ಯಾವ ಸರಕಾರವೂ ಕೊಡುವುದಿಲ್ಲ.

ಕೂಟ ನಡೆಸುವ ಹೆಲೆನ್ ನನ್ನನ್ನು ಅಡುಗೆಮನೆಗೆ ಕರೆದಳು. ಮೂವತ್ತು ವರ್ಷ ಬಸ್ಸು ಓಡಿಸಿದ ಹೆಂಗಸು, ನನಗೆ ಹಿಡಿಸುತ್ತಾಳೆ.

"ಕಾಶೀಬಾಯಿ, ಕೂತವರ ಮುಂದೆ ಹೋಗಿ ನಿಂತರೆ ಅವರು ಇಲ್ಲ ಅನ್ನಲಾರರು."

"ಅನ್ನಲಿ. ಬಾಯಿಲ್ಲವೇ?"

"ಎಲ್ಲರ ಬಾಯಿ ನಿನ್ನ ಬಾಯಿಯ ಹಾಗಿರುವುದಿಲ್ಲ."

ನಾನು ನಕ್ಕುಬಿಟ್ಟೆ. ಈ ದೇಶದವರಿಗೆ ಬಾಯಿ ಇರುವುದು ಹವಾಮಾನ ಹೇಳಲಿಕ್ಕೆ ಮಾತ್ರ.

ಟೀ ಬಾಯ್ಲರಿನ ಪಕ್ಕ ಸಿಲ್ವಿಯಾ ಕೂತಿರುತ್ತಾಳೆ. ಎಪ್ಪತ್ತಾರು ವರ್ಷ, ಕೆಂಪು ಚಪ್ಪಲಿ, ತುಟಿಗೆ ಅದೇ ಕೆಂಪು. "ನಾಲ್ಕು ವರ್ಷದಿಂದ ಬರುತ್ತಿದ್ದೇನೆ ಬ್ಯಾಬ್," ಎಂದಳು. ಇಲ್ಲಿಯ ಹಳಬರಿಗೆ ಎಲ್ಲರೂ ಬ್ಯಾಬ್. "ಒಂದು ಮಧ್ಯಾಹ್ನಕ್ಕೆ ಒಂದು ಕಂತು ಸಿಕ್ಕಿದರೆ ಅವತ್ತು ನನಗೆ ಕ್ರಿಸ್‌ಮಸ್." ನಾಲ್ಕು ವರ್ಷದಿಂದ ಈ ಹೆಂಗಸಿನ ಎಲೆಗೆ ಹೋಳಿಗೆ ಬಿದ್ದಿಲ್ಲ.

ಜಯಪ್ರಕಾಶ ಇವತ್ತು ನನ್ನ ಜೊತೆ ಮೂರು ಕಂತು. ಪಾಪ, ಇವರನ್ನೂ ಬೇರೆ ಹೆಂಗಸರು ನೋಡುವುದಿಲ್ಲ. ಚಂದ್ರಪ್ರಭೆಯ ಕಡೆಗೆ ಎರಡು ಸಲ ಹೊರಟರು, ಎರಡು ಸಲವೂ ಅವಳು ಬಗ್ಗಿ ಚಪ್ಪಲಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ಈ ಹುಡುಗಿಯ ಪಟ್ಟಿ ಯಾವಾಗಲೂ ಸಡಿಲ. ಒಳ್ಳೆಯ ಚಪ್ಪಲಿ ಕೊಂಡುಕೋ ಎಂದು ಹೇಳಬೇಕು.

27 ಜನವರಿ, ಸೋಮವಾರ

ಬಾಮ್ ಹಚ್ಚಿಕೊಂಡೆ. ಕುರ್ಚಿಯ ಬಗ್ಗೆ ಬರೆದ ಇಮೇಲಿಗೆ ಉತ್ತರವಿಲ್ಲ. ಜ್ಞಾಪಿಸಿ ಇನ್ನೊಂದು ಮೇಲ್.

29 ಜನವರಿ, ಬುಧವಾರ

ಹೊಳೆಯಿತು. ರೋಟಾ, ಪಾಳಿಯ ಪಟ್ಟಿ!

ಹದಿನೆಂಟು ವರ್ಷ ಯೂನಿಯನ್ನಿನಲ್ಲಿ ನಾನು ಗೆದ್ದದ್ದೆಲ್ಲ ರೋಟಾದಿಂದಲೇ. ನಾನು ಬರುವ ಮೊದಲು ಕ್ರಿಸ್‌ಮಸ್ ಡ್ಯೂಟಿ ಯಾರಿಗೆ? ಮ್ಯಾನೇಜರಿಗೆ ಬೇಡವಾದವರಿಗೆ. ನಾನು ಗೋಡೆಗೆ ಪಟ್ಟಿ ಅಂಟಿಸಿದೆ. ಎಲ್ಲರ ಹೆಸರು, ಎಲ್ಲರ ಪಾಳಿ. ಪಟ್ಟಿಗೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ.

ರಾತ್ರಿ ಊಟವಾದ ಮೇಲೆ ಚೌಕ ಗೆರೆ ಎಳೆದು ಕೂತೆ. ಹನ್ನೊಂದು ಗಂಡಸರು, ಹದಿನೈದು ಹೆಂಗಸರು, ಎಂಟು ಕಂತು. ಯಾರೂ ಎರಡು ಕಂತು ಒಟ್ಟಿಗೆ ಕೂರದ ಹಾಗೆ, ಯಾರೂ ಒಬ್ಬರ ಜೊತೆಗೇ ಎರಡು ಸಲ ಬರದ ಹಾಗೆ. ಎಷ್ಟು ತಿಂಗಳಾಗಿತ್ತು ಇಷ್ಟು ಖುಷಿಯಾಗಿ! ಎರಡು ಬಣ್ಣದ ಪೆನ್ನು ಬಳಸಿದೆ.

9 ಫೆಬ್ರವರಿ, ಭಾನುವಾರ

ಜಯ! ಹೆಲೆನ್ ಮೊದಲು ತುಟಿ ಕಚ್ಚಿದಳು. "ಒಂದೇ ಒಂದು ದಿನ, ಪ್ರಯೋಗ" ಎಂದು ಅರ್ಧ ಗಂಟೆ ಹಿಂಡಿದ ಮೇಲೆ ಒಪ್ಪಿದಳು. ಮೈಕು ಹಿಡಿದು ಎರಡೇ ಮಾತು ಹೇಳಿದೆ: ಇವತ್ತು ಯಾರ ಎಲೆಯೂ ಖಾಲಿ ಉಳಿಯುವುದಿಲ್ಲ. ಎಲೆ ಅಂದರೇನೆಂದು ಅವರಿಗೆ ತಿಳಿಯಲಿಲ್ಲ, ಆದರೂ ಚಪ್ಪಾಳೆ ಹೊಡೆದರು. ಇಂಗ್ಲಿಷರು ಗೋಡೆಯ ಮೇಲೆ ಪಟ್ಟಿ ಕಂಡರೆ ಸಾಲು ನಿಲ್ಲುತ್ತಾರೆ. ನೂರಕ್ಕೆ ನೂರು ಹಾಜರಾತಿ.

ಸಿಲ್ವಿಯಾ ಐದು ಕಂತು ಕುಣಿದಳು. ಐದು! ಕ್ಲಿಫ್ ಅವಳನ್ನು ಬಿಟ್ಟು ಬಂದವನು ನನ್ನ ಕಿವಿಯಲ್ಲಿ, "ಈ ಹೆಂಗಸು ಗಾಳಿಯ ಹಾಗೆ ಹಗುರ, ನನಗೆ ಗೊತ್ತೇ ಇರಲಿಲ್ಲ" ಎಂದ. ನಾಲ್ಕು ವರ್ಷ ಕುರುಡಾಗಿದ್ದೆಯಾ ಎಂದು ಕೇಳಬೇಕೆನ್ನಿಸಿತು. ಕೇಳಿದೆ.

ಆರನೆಯ ಕಂತಿಗೆ ಚಂದ್ರಪ್ರಭಾ ಮತ್ತು ಜಯಪ್ರಕಾಶ. ಅವಳು ಪಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ನಾಲ್ಕು ಹಾಡು ಪೂರ್ತಿ ಅವಳು ಛಾವಣಿಯ ಟ್ಯೂಬ್‌ಲೈಟ್ ನೋಡುತ್ತ ಕುಣಿದಳು. ಆಮೇಲೆ ಕೋಟು ಹಾಕಿಕೊಂಡು ಹೊರಟೇಹೋದಳು. ನನಗಾಗಿ ಕಾಯಲಿಲ್ಲ. ಮಕ್ಕಳಿಗೆ ಜ್ವರ ಇರಬೇಕು.

ಏಳನೆಯದು ನನಗೂ ಜಯಪ್ರಕಾಶರಿಗೂ. "ಸೂಪರ್ ಸಿಸ್ಟಂ ಮೇಡಂ! ಇದನ್ನ ಪರ್ಮನೆಂಟ್ ಮಾಡ್ಬಿಡಿ" ಎಂದರು.

10 ಫೆಬ್ರವರಿ, ಸೋಮವಾರ

ಪ್ರಭಾ ಫೋನ್ ಎತ್ತುತ್ತಿಲ್ಲ. ಬೆನ್ನು.

11 ಫೆಬ್ರವರಿ, ಮಂಗಳವಾರ

ಕ್ಲಾಸಿಗೂ ಬರಲಿಲ್ಲ. ಮೆಸೇಜು ಓದಿದ್ದಾಳೆ, ಉತ್ತರವಿಲ್ಲ. ಹೊಸ ಕುರ್ಚಿ ಬಂತು. ಗೆದ್ದೆ.

13 ಫೆಬ್ರವರಿ, ಗುರುವಾರ

ಕ್ಯಾಂಟೀನಿನಲ್ಲಿ ಹಿಡಿದೆ. ಅವಳ ಟ್ರೇ ಪಕ್ಕ ನನ್ನ ಟ್ರೇ ಕುಕ್ಕಿ ಕೂತೆ.

"ಯಾಕವಾ, ಏನಾತು? ನಾ ಏನ್ ತಪ್ಪು ಮಾಡೀನಿ, ಹೇಳು." ಸಿಟ್ಟು ಬಂದರೆ ನನ್ನ ಬೆಂಗಳೂರು ಕನ್ನಡ ಕಳಚಿ ಬೀಳುತ್ತದೆ.

ಅವಳು ಆಲೂಗಡ್ಡೆಯನ್ನು ಫೋರ್ಕಿನಿಂದ ಎರಡು ಮಾಡಿದಳು, ನಾಲ್ಕು ಮಾಡಿದಳು.

"ನಾನಿನ್ನು ಮಿಲೊಂಗಕ್ಕೆ ಬರಲ್ಲ ಅಕ್ಕಾ."

"ಯಾಕ?"

"ವಾರವೆಲ್ಲ ಎಲ್ಲರಿಗೂ ಹೂಂ ಅಂತೀನಿ. ಡಿಪಾರ್ಟ್‌ಮೆಂಟಿಗೆ ಹೂಂ, ಮಕ್ಕಳ ಸ್ಕೂಲಿಗೆ ಹೂಂ, ಅತ್ತೆಗೆ ಹೂಂ. ಆ ಹಾಲಲ್ಲಿ ಮೂರು ಗಂಟೆ ನಂಗೆ ಬೇಡ ಅಂದ್ರೆ ಬೇಡ. ಕಾರಣ ಕೊಡ್ಬೇಕಾಗಿಲ್ಲ, ಸಾರಿ ಅನ್ಬೇಕಾಗಿಲ್ಲ, ಯಾರ ಮರ್ಯಾದೆನೂ ಹೋಗಲ್ಲ. ಬಗ್ಗಿ ಚಪ್ಪಲಿ ಪಟ್ಟಿ ಕಟ್ಕೊಂಡ್ರೆ ಮುಗೀತು. ಅದನ್ನ ನೀವು ಕಿತ್ಕೊಂಡು ನನ್ನ ಹೆಸರು ಗೋಡೆಗೆ ಅಂಟಿಸಿದ್ರಿ, ಎರಡು ಬಣ್ಣದಲ್ಲಿ."

ಜಯಪ್ರಕಾಶ ಒರಟು ಎಂದಳು. ಹೆಬ್ಬೆರಳನ್ನು ಪಕ್ಕೆಗೆ ಊರಿ ಮೊಳೆ ಹೊಡೆದ ಹಾಗೆ ಹಿಡಿಯುತ್ತಾರಂತೆ. ಹಾಲಿನ ಹೆಂಗಸರೆಲ್ಲರಿಗೂ ಗೊತ್ತಂತೆ, ಅದಕ್ಕೇ ಯಾರೂ ನೋಡುವುದಿಲ್ಲವಂತೆ.

"ಬಾಯಿಬಿಟ್ಟು ಹೇಳಬೇಕಿತ್ತಲ್ಲ!"

"ಹೇಳ್ದೆ, ಎರಡು ವರ್ಷದ ಹಿಂದೆ. 'ಟ್ಯಾಂಗೊ ಅಂದ್ರೆ ಹೀಗೇ ಮೇಡಂ, ರಿಲ್ಯಾಕ್ಸ್' ಅಂದ್ರು."

"ನನಗೇನೂ ಹಾಗೆ ಅನ್ನಿಸಲಿಲ್ಲ."

ಪ್ರಭಾ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು. "ನಿಮ್ಮ ಬೆನ್ನು ಹೇಗಿದೆ ಅಕ್ಕಾ?"

"ಅದು ಲ್ಯಾಬಿನ ಕುರ್ಚಿ."

"ಕುರ್ಚಿ ದಿನಾ ಇರುತ್ತೆ. ನೋವು ಯಾವತ್ತು ಬರುತ್ತೆ?"

ಮನೆಗೆ ಬಂದು ಈ ಪುಸ್ತಕದ ಹಿಂದಿನ ಪುಟ ತಿರುವಿದೆ. ಸೋಮವಾರ. ಸೋಮವಾರ. ಸೋಮವಾರ. ಕನ್ನಡಿಗೆ ಬೆನ್ನು ಮಾಡಿ ಕುಪ್ಪಸ ಎತ್ತಿ ನೋಡಿದೆ. ಬಲಪಕ್ಕೆಯ ಮೇಲೆ ಹೆಬ್ಬೆರಳಿನಷ್ಟು ಹಳದಿಗಟ್ಟಿದ ಕಲೆ.

16 ಫೆಬ್ರವರಿ, ಭಾನುವಾರ

ಇವತ್ತು ಕೂಟವಿಲ್ಲ. ಒಳ್ಳೆಯದೇ ಆಯಿತು.

ಬಿಜಾಪುರದಲ್ಲಿ ನಾವು ಹೆಂಗಸರು ಮೆರವಣಿಗೆ ಹೋಗಿ ಬೇಕು ಬೇಕು ಎಂದು ಗಂಟಲು ಹರಿದುಕೊಂಡೆವು. ನೀರು ಬೇಕು, ಕೂಲಿ ಬೇಕು, ಪಟ್ಟಾ ಬೇಕು. ಎಲ್ಲ ನ್ಯಾಯವೇ. ಆದರೆ ಆಚೆ ಓಣಿಯ ನಾಗವ್ವ ಗಂಡನಿಗೆ ಬೇಡ ಅಂದದ್ದಕ್ಕೆ ಹಲ್ಲು ಮುರಿಸಿಕೊಂಡು ಸಭೆಗೆ ಬಂದಾಗ ನಮ್ಮಲ್ಲಿ ಅದಕ್ಕೊಂದು ಘೋಷಣೆ ಇರಲಿಲ್ಲ. ಮುಲಾಮು ಹಚ್ಚಿ ಕಳಿಸಿದೆವು.

ನನ್ನ ಪಟ್ಟಿಯಲ್ಲಿ ಎಲ್ಲರ ಹೆಸರಿಗೂ ಚೌಕವಿತ್ತು. ಬೇಡ ಅನ್ನಲು ಒಂದೇ ಒಂದು ಚೌಕ ಇರಲಿಲ್ಲ. ಕ್ರಿಸ್‌ಮಸ್ ಡ್ಯೂಟಿ ಹಂಚುವುದೂ ಹೆಂಗಸಿನ ಮೈ ಹಂಚುವುದೂ ಒಂದೇ ಎಂದು ತಿಳಿದ ಮಹಾ ಹೋರಾಟಗಾರ್ತಿ ನಾನು. ಥೂ.

ಪ್ರಭೆಗೆ ಒಂದು ಸಾಲು ಕಳಿಸಿದೆ: "ತಪ್ಪಾಯಿತು ತಂಗಿ. ಪಟ್ಟಿ ಹರಿದೆ." ಉತ್ತರ ಬರಲಿಲ್ಲ. ಬರಲೇಬೇಕು ಎಂದು ಕೂಡ್ರುವುದಿಲ್ಲ.

23 ಫೆಬ್ರವರಿ, ಭಾನುವಾರ

ಪ್ರಭಾ ಬರಲಿಲ್ಲ.

ಮೊದಲ ಕಂತು ಮುಗಿಯುವ ಮುಂಚೆಯೇ ಜಯಪ್ರಕಾಶ ಹಾಲು ದಾಟಿ ಬಂದರು, ಕೈ ಚಾಚಿಕೊಂಡು. "ಏನ್ ಮೇಡಂ, ಇವತ್ತು ಲಿಸ್ಟ್ ಇಲ್ವಾ? ಬನ್ನಿ."

ಆ ಕೈಯನ್ನು ನೋಡುತ್ತ ಕೂತೆ. ಪಟ್ಟಿ ಕಟ್ಟಿಕೊಳ್ಳುವುದು ನನ್ನಿಂದಾಗದು, ನನ್ನ ಚಪ್ಪಲಿಗೆ ಬಕಲ್ಲೂ ಇಲ್ಲ.

"ಬೇಡ."

"ಸುಸ್ತಾ ಮೇಡಂ? ನೆಕ್ಸ್ಟ್ ಒನ್?"

"ಸುಸ್ತಲ್ಲ. ನೀವು ಹಿಡಿಯೋ ಹಿಡಿತಕ್ಕೆ ನನ್ನ ಬೆನ್ನು ನೀಲಿಗಟ್ಟಿತ್ತು. ಅದಕ್ಕೇ ಬೇಡ. ಕೂತ್ಕೊಳ್ಳಿ, ಹೇಳ್ತೀನಿ."

ಕೂತರು. ಕಿವಿ ಕೆಂಪಗಾಗಿತ್ತು. "ಲೀಡ್ ಸ್ಟ್ರಾಂಗ್ ಆಗಿರ್ಬೇಕು ಅಂತ ಆನ್‌ಲೈನ್ ಕ್ಲಾಸಲ್ಲಿ... ಅಲ್ಲ ಮೇಡಂ, ನಾಲ್ಕು ವರ್ಷದಿಂದ ಬರ್ತಿದೀನಿ, ಯಾರೂ ಹೇಳ್ಲೇ ಇಲ್ವಲ್ಲ!"

"ಎಲ್ಲರೂ ಹೇಳ್ತಾನೇ ಇದ್ರು. ಬಾಯಿಂದ ಅಲ್ಲ. ಒಬ್ಬಳು ಬಾಯಿಂದಾನೂ ಹೇಳಿದ್ಲು, ನೀವು ರಿಲ್ಯಾಕ್ಸ್ ಅಂದ್ರಿ."

"ಯಾರು, ಚಂದ್ರಪ್ರಭಾನಾ?"

"ಹೆಸರು ಬೇಡ. ಕೈ ನೋಡ್ಕೊಳ್ಳಿ. ಮತ್ತೆ ಹೀಗೆ ಮುಂದೆ ಬಂದು ನಿಲ್ಲಬೇಡಿ. ಅಲ್ಲಿಂದ ನೋಡಿ. ನಾನೂ ನಿಲ್ಲೋದಿಲ್ಲ."

ಹೋದರು. ಬೇರೆ ಗೋಡೆಗಲ್ಲ, ಮನೆಗೇ. ಅಯ್ಯೋ ಅನ್ನಿಸಿತು. ಅನ್ನಿಸಲಿ.

ಸಿಲ್ವಿಯಾ ಬಂದು, "ಪಟ್ಟಿ ಎಲ್ಲಿ ಬ್ಯಾಬ್? ನಾನು ಕೂದಲು ಸೆಟ್ ಮಾಡಿಸಿಕೊಂಡು ಬಂದಿದ್ದೇನೆ" ಎಂದಳು. ಅವಳಿಗೆ ಏನು ಹೇಳಲಿ? ಪಟ್ಟಿ ಸತ್ತಿತು, ತಪ್ಪು ನನ್ನದು ಎಂದೆ. ಅವಳು ಹೋಗಿ ಬಾಯ್ಲರಿನ ಪಕ್ಕ ಕೂತಳು. ಅವಳ ಮುಖ ನೋಡಲಾಗಲಿಲ್ಲ, ಆದರೂ ನೋಡಿದೆ.

ಉಳಿದ ಹೊತ್ತು ಕೂತೇ ಇದ್ದೆ. ಬೇರೆಯವರ ಪಾದ ನೋಡುತ್ತಿದ್ದೆ. ಎಂಟು ತಿಂಗಳಲ್ಲಿ ಟೀಚರು ಬಾಯಿ ನೋಯಿಸಿಕೊಂಡು ಹೇಳಿದ್ದು ಇವತ್ತು ಕಾಣಿಸಿತು: ಮುಂದಿನ ಹೆಜ್ಜೆ ಇಡುವ ಮೊದಲು ಪಾದ ಒಂದು ಕ್ಷಣ ಕಾಯುತ್ತದೆ.

9 ಮಾರ್ಚ್, ಭಾನುವಾರ

ಸೆಲ್ಲಿ ಓಕ್ ಪ್ಲಾಟ್‌ಫಾರ್ಮಿನಲ್ಲಿ ಪ್ರಭಾ ನಿಂತಿದ್ದಳು. ಚಪ್ಪಲಿ ಚೀಲ ಕೈಯಲ್ಲಿ.

"ಹೆಲೆನ್ ಫೋನ್ ಮಾಡಿದ್ರು. ನೀವು ಜೋರಾಗಿ ಬೇಡ ಅಂದ್ರಂತೆ, ಹಾಲಿಗೆಲ್ಲ ಕೇಳಿಸ್ತಂತೆ."

"ನನಗೆ ಮೆಲ್ಲಗೆ ಅನ್ನೋದು ಎಲ್ಲಿ ಬರುತ್ತೆ?"

"ಬರೋದು ಬೇಡ ಬಿಡಿ," ಎಂದಳು. ಟ್ರೇನು ಬಂತು. ನನ್ನ ಪಕ್ಕದಲ್ಲೇ ಕೂತಳು. ಅವಳ ಅತ್ತೆ ಕಳಿಸಿದ ಚಟ್ನಿಪುಡಿಯ ಡಬ್ಬಿ ನನ್ನ ಮಡಿಲಿಗಿಟ್ಟಳು.

ಮೂರನೆಯ ಕಂತಿನ ಹೊತ್ತಿಗೆ ಕ್ಲಿಫ್ ನಮ್ಮ ಗೋಡೆಯ ಕಡೆ ನೋಡಿ ತಲೆಯಾಡಿಸಿದ. ಯಾರನ್ನು ಕರೆಯುತ್ತಿದ್ದಾನೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಬರೀ ಗೋಡೆ.

"ನಿಮ್ಮನ್ನೇ ಅಕ್ಕಾ! ಏಳಿ!" ಪ್ರಭಾ ತಿವಿದಳು.

ಅವತ್ತಿನ ಹಲ್ಲುನೋವಿನ ಮುಖ ಇರಲಿಲ್ಲ. ನಾಲ್ಕು ಹಾಡು ಕುಣಿದೆವು. ಅವನೇ ಬಂದದ್ದಕ್ಕೋ ಏನೋ, ಅವನ ಕಾಲು ಎರಡು ಸಲ ತುಳಿದರೂ ಇಬ್ಬರಿಗೂ ನಗು.

ಸಂಜೆ ನನ್ನ ಮನೆಯಲ್ಲಿ ಸೋಫಾ ಸರಿಸಿ ಪ್ರಭಾ ನನಗೆ ಲೀಡ್ ಮಾಡುವುದನ್ನು, ಅಂದರೆ ಗಂಡಸರ ಹಾಗೆ ಜೋಡಿಯನ್ನು ಮುನ್ನಡೆಸುವುದನ್ನು, ಹೇಳಿಕೊಡಲು ಶುರು ಮಾಡಿದಳು. ಜನ್ಮದಲ್ಲಿ ಯಾರನ್ನೂ ಫಾಲೋ ಮಾಡದವಳು, ಲೀಡ್ ಸುಲಭ ಅಂದುಕೊಂಡಿದ್ದೆ. "ತಳ್ಬೇಡಿ ಅಕ್ಕಾ. ನೀವು ಹೇಳಿ, ನಾನು ಕೇಳಿಸ್ಕೊಳ್ಳೋವರೆಗೂ ಕಾಯಿರಿ." ಹತ್ತು ಸಲ ತಳ್ಳಿದೆ. ಹನ್ನೊಂದನೆಯ ಸಲ ಕಾದೆ. ಬಂದಳು.

23 ಮಾರ್ಚ್, ಭಾನುವಾರ

ಜಯಪ್ರಕಾಶ ಬಂದಿದ್ದರು. ಮಂಗಳವಾರದ ಹೊಸಬರ ಕ್ಲಾಸಿಗೆ ಸೇರಿದ್ದಾರೆಂದು ಹೆಲೆನ್ ಹೇಳಿದಳು. ಆಚೆ ಗೋಡೆಗೆ ಒರಗಿ ನಿಂತು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿದರೆ ಅವರು ಹೆಲೆನ್ ಜೊತೆ ಹೊಸಬರ ಹಾಗೆ ಎಣಿಸೆಣಿಸಿ ಹೆಜ್ಜೆ ಇಡುತ್ತಿದ್ದರು. ಕೇಳಿಸಿಕೊಂಡಿದ್ದಾರೆ. ಮುಂದೊಂದು ದಿನ ನೋಡೋಣ.

ಇವತ್ತು ಕ್ಲಿಫ್ ಒಂದು ಕಂತು. ಲೀಡ್ಸ್ ಊರಿನಿಂದ ಬಂದಿದ್ದ ಒಬ್ಬ ತೆಳ್ಳನೆಯ ಮೇಷ್ಟ್ರು ಒಂದು. ಮೂರು ಜನರನ್ನು ನಾನು ನೋಡಿದೆ, ಅವರು ನನ್ನನ್ನು ನೋಡಲಿಲ್ಲ. ಟೀ ಚೆನ್ನಾಗಿತ್ತು.

ಆಮೇಲೆ ಧೈರ್ಯ ಮಾಡಿದೆ. ಎರಡು ವಾರ ಸೋಫಾ ಸರಿಸಿ ಕಲಿತದ್ದು ಸುಮ್ಮನೆಯೇ? ಸಿಲ್ವಿಯಾ ಬಾಯ್ಲರಿನ ಪಕ್ಕ, ಕೆಂಪು ಚಪ್ಪಲಿ ಜೋಡಿಸಿಕೊಂಡು ಕೂತಿದ್ದಳು. ಅವಳ ಮುಂದೆ ಹೋಗಿ ನಿಲ್ಲಲಿಲ್ಲ. ಇಪ್ಪತ್ತು ಅಡಿ ದೂರದಿಂದ, ಮ್ಯಾನೇಜರನ್ನು ನೋಡುವ ಹಾಗಲ್ಲ, ಮೆತ್ತಗೆ ನೋಡಿದೆ. ಕಣ್ಣು ಕೂಡಿತು. ತಲೆಯಾಡಿಸಿದೆ.

ಸಿಲ್ವಿಯಾ ಕತ್ತು ತಿರುಗಿಸಿ ಬಿಸ್ಕತ್ತಿನ ತಟ್ಟೆಯನ್ನು ಗಾಢವಾಗಿ ನೋಡತೊಡಗಿದಳು.

ಅದೇ ಕಣ್ಣು. ಎಲೆ ಹಾರಿ ಹೋಗುವ ಕಣ್ಣು. ಅಭ್ಯಾಸಬಲ, ನನ್ನ ಕೈ ಟೀ ಕಪ್ಪನ್ನು ಬಿಗಿಯಾಗಿ ಹಿಡಿಯಿತು, ಕುಟ್ಟಲಿಕ್ಕೆ. ಅಷ್ಟರಲ್ಲಿ ಕ್ಲಿಫ್ ಆ ಕಡೆಯಿಂದ ತಲೆಯಾಡಿಸಿದ, ಸಿಲ್ವಿಯಾ ಹದಿನಾರರ ಹುಡುಗಿಯ ಹಾಗೆ ಎದ್ದು ಹೋದಳು. ಅವಳು ಕಾಯುತ್ತಿದ್ದದ್ದು ಅವನಿಗೆ. ನಾನು ಕಪ್ಪು ಕೆಳಗಿಟ್ಟೆ.

"ಸಿಲ್ವಿಯಾ ನಿಮಗೇ ಬೇಡ ಅಂದ್ಬಿಟ್ಲಾ!" ಪ್ರಭಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಅಂದಳು ನೋಡು, ಹಾದರಗಿತ್ತಿ!" ಎಂದೆ. ನನಗೂ ನಗು ತಡೆಯಲಾಗಲಿಲ್ಲ. ಇದು ಗೌಡರ ಮನೆಯ ಪಂಕ್ತಿಯಲ್ಲ. ಆ ಹೋಳಿಗೆ ನಮ್ಮ ಪಾಲಿನದು, ಅದನ್ನು ಕುಟ್ಟಿಯೇ ತೆಗೆದುಕೊಳ್ಳಬೇಕಿತ್ತು, ಇನ್ನೊಮ್ಮೆ ಹುಟ್ಟಿದರೂ ಕುಟ್ಟುತ್ತೇನೆ. ಸಿಲ್ವಿಯಾ ಯಾರ ಪಾಲೂ ಅಲ್ಲ.

ಹಾಡು ಶುರುವಾಗಿತ್ತು. ಪ್ರಭಾ ತನ್ನ ಕುರ್ಚಿಯಿಂದ ನನ್ನನ್ನು ನೋಡಿದಳು. ಚಪ್ಪಲಿಯ ಪಟ್ಟಿ ಬಿಗಿಯಾಗಿಯೇ ಇತ್ತು. ಎದ್ದೆವು.

24 ಮಾರ್ಚ್, ಸೋಮವಾರ

ಕೆಲಸ. ಬರುವಾಗ ಬಿಸಿಲಿತ್ತು. ಚಟ್ನಿಪುಡಿ ಮುಗಿಯಿತು.